ಎಣ್ಣೆಯ ಮೇಲಿನ ಕೆನೆ

ಮುಂಬಯಿಗೆ ಬಂದು ನೆಲೆಸಿದ ನಮ್ಮ ಕಡೆಯವರು ಊರಿನಿಂದ ಏನಾದರೊಂದನ್ನು ತಂದಿಟ್ಟುಕೊಂಡಿರುತ್ತಾರೆ. ಒಬ್ಬರ ಮನೆಯಲ್ಲಿ ಅಜ್ಜಿಯ ತಾಮ್ರದ ಹಂಡೆ, ಇನ್ನೊಬ್ಬರಲ್ಲಿ ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಮತ್ತೊಬ್ಬರ ಬಾಲ್ಕನಿಯ ಕುಂಡದಲ್ಲಿ ಬದುಕಲೂ ಆರದೆ ಸಾಯಲೂ ಆರದೆ ನಿಂತ ಅಡಿಕೆ ಸಸಿ. ನಾನು ತಂದದ್ದು ಅಪ್ಪಯ್ಯನ ಕಾರು. 1987ರ ಬಿಳಿ ಪ್ರೀಮಿಯರ್ ಪದ್ಮಿನಿ.

ತಂದದ್ದು ಅನ್ನುವುದೂ ಪೂರ್ತಿ ಸರಿಯಲ್ಲ. ಪದ್ಮಿನಿ ತಯಾರಾಗುತ್ತಿದ್ದುದೇ ಮುಂಬಯಿಯ ಕುರ್ಲಾದಲ್ಲಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಶುರುವಾದ ಗಾಡಿ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಆಯಿತು. ನಮ್ಮೂರಲ್ಲಿ ಮಾತ್ರ ಕೊನೇ ತನಕ ಅದು ‘ಫಿಯೇಟು’. ನಾನಿರುವ ಚೆಂಬೂರಿನಿಂದ ಕುರ್ಲಾ ಕೂಗಳತೆಯ ದೂರ. ಹಾಗಾಗಿ ಅದು ತವರಿಗೆ ಬಂದ ಲೆಕ್ಕ, ಪರಸ್ಥಳದವನು ನಾನೊಬ್ಬನೇ.

ಅಪ್ಪಯ್ಯ ಸಿರಸಿಯಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದವರು. ಒಂದು ವರ್ಷ ಅಡಿಕೆಗೆ ಒಳ್ಳೆ ದರ ಬಂದಾಗ ಹೆಸರು ಬರೆಸಿ, ಕಾದು ಕಾದು ತಂದ ಕಾರು. ಅದರ ಮೇಲೆ ಅವರ ಪ್ರೀತಿ ತೋರುತ್ತಿದ್ದದ್ದು ವಿಚಿತ್ರ ರೀತಿಯಲ್ಲಿ. ಸಿರಸಿ ಪೇಟೆಯಲ್ಲಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಕಾರು ತೆಗೆಯುತ್ತಿರಲಿಲ್ಲ, ನಡೆದೇ ಹೋಗುತ್ತಿದ್ದರು. ಮಳೆಗಾಲದಲ್ಲಿ ಕೆಲಸವಿರಲಿ ಬಿಡಲಿ, ವಾರಕ್ಕೊಮ್ಮೆ ಸಿರಸಿಗೆ ಹೋಗಿ ಬರಲೇಬೇಕು. ಬಂದ ಮೇಲೆ ಬಾನೆಟ್ ಎತ್ತಿ, ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದು, ಮೂಸಿ ನೋಡಿ, ಅದರ ಒಳಮೈಯನ್ನು ಹಳೇ ಪಂಚೆಯ ಚೂರಿನಿಂದ ಒರೆಸಿ ಮತ್ತೆ ಹಾಕುತ್ತಿದ್ದರು. ‘ಗಾಡಿ ಬೆವರ್ತು’ ಅನ್ನುತ್ತಿದ್ದರು. ನಾನು ಆಗ ಕಾಲೇಜು ಹುಡುಗ, ಎಲ್ಲಾ ಗೊತ್ತಿದ್ದವನು. ಇದು ಮುದುಕರ ಶುಚಿಯ ಹುಚ್ಚು, ಹಿತ್ತಾಳೆ ಚೊಂಬು ತಿಕ್ಕಿದ ಹಾಗೆ ಅಂದುಕೊಂಡಿದ್ದೆ.

2004ರ ಜೂನ್ ಕೊನೆಯಲ್ಲಿ, ಆಷಾಢ ಹಿಡಿದಿತ್ತು, ಅಪ್ಪಯ್ಯ ಹೋದರು. ತಮ್ಮನಿಗೆ ತೋಟದ ಕೆಲಸಕ್ಕೆ ಜೀಪೇ ಅನುಕೂಲ. ಕಾರು ಅಡಿಕೆ ಅಟ್ಟಲೆಯ ಪಕ್ಕದ ಮಾಡಿನಲ್ಲಿ ಕೋಳಿ ಕೂರುವ ಸ್ಥಿತಿಗೆ ಬಂತು. ಗುಜರಿಯವನು ಕೇಳಿಕೊಂಡು ಬಂದ ದಿನ ಆಯಿ ಒಳಗಿನಿಂದ ಹೊರಗೇ ಬರಲಿಲ್ಲವಂತೆ. 2005ರ ಬೇಸಿಗೆಯಲ್ಲಿ ನಾನೇ ಹೋಗಿ ಓಡಿಸಿಕೊಂಡು ಬಂದೆ. ಎನ್‌ಓಸಿ, ರಸ್ತೆ ತೆರಿಗೆ, ಹೊಸ ನಂಬರು ಅಂತ ಕಚೇರಿಗಳ ಬಾಗಿಲು ಕಾಯ್ದ ಕತೆ ಬೇಡ. ಊರು ಬಿಟ್ಟು ಊರಿಗೆ ಗಾಡಿ ತಂದವರಿಗೆಲ್ಲ ಅದು ಗೊತ್ತು.

ಬಂದು ಮೂರು ತಿಂಗಳಿಗೆ ಜುಲೈ 26. ಆ ದಿನ ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಕಡೆಯ ಮಳೆ ನೋಡಿದವನು ನಾನು, ಆದರೆ ಮಲೆನಾಡಿನ ಮಳೆಗೆ ಇಳಿದು ಹೋಗಲು ಹಳ್ಳ ಇರುತ್ತದೆ. ಇಲ್ಲಿ ಮೀಠಿ ನದಿ ಎಂಬ ಹಳ್ಳವನ್ನೇ ಊರು ನುಂಗಿತ್ತು. ಗೆಳೆಯನ ಮನೆಗೆಂದು ಕುರ್ಲಾಕ್ಕೆ ಒಯ್ದಿದ್ದ ಕಾರು ಅಲ್ಲೇ ಸ್ಟಿಯರಿಂಗ್ ಮಟ್ಟದವರೆಗೆ ಮುಳುಗಿತು. ಎಂಜಿನ್ನಿನೊಳಗೆಲ್ಲ ಕೆಸರು ನೀರು.

ಆಗ ಎಂಜಿನ್ ಬಿಚ್ಚಿಸಿದೆ. ಸಿಲಿಂಡರುಗಳ ಗೋಡೆ ತುಕ್ಕು ಹಿಡಿದಿತ್ತು, ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕಾಯಿತು. ಮೂಲತಃ 1089 ಸಿಸಿಯ ಎಂಜಿನ್ನು; 68 ಮಿಲಿಮೀಟರ್ ಅಗಲದ ಸಿಲಿಂಡರು, 75 ಮಿಲಿಮೀಟರ್ ಓಟ. ‘ಬಿಚ್ಚಿದ್ದು ಬಿಚ್ಚಿಯಾಗಿದೆ, ಸ್ವಲ್ಪ ಜೋರು ಮಾಡೋಣ ಸಾಹೇಬ್’ ಅಂದ ಗ್ಯಾರೇಜಿನವನು. ನನಗೂ ಆಸೆ. ಎರಡು ಗಂಟಲಿನ ದೊಡ್ಡ ಕಾರ್ಬ್ಯುರೇಟರ್ ಬಂತು. ಹಳೇ ಏರ್ ಫಿಲ್ಟರಿನ ತಗಡಿನ ಡಬ್ಬ ಹೋಗಿ ಐಸ್‌ಕ್ರೀಮ್ ಕೋನಿನ ಆಕಾರದ ಕೆಂಪು ಫಿಲ್ಟರ್ ಬಂತು. ಎಂಜಿನ್ನಿನಿಂದ ಆ ಡಬ್ಬಕ್ಕೆ ಹೋಗುತ್ತಿದ್ದ ಹೆಬ್ಬೆರಳು ದಪ್ಪದ ರಬ್ಬರ್ ಪೈಪಿಗೆ ಈಗ ಹೋಗುವ ಜಾಗವಿಲ್ಲ. ಅದನ್ನು ಹಾಗೇ ಕೆಳಗೆ ಇಳಿಬಿಟ್ಟ. ಟ್ರಾಫಿಕ್ಕಿನಲ್ಲಿ ಬಿಸಿ ಏರಬಾರದೆಂದು ಥರ್ಮೋಸ್ಟಾಟ್ ಅನ್ನೂ ಕಿತ್ತು ಬಿಸಾಡಿದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನೋಡಿದ್ದು ಗಾಡಿ ಪೂರ್ವ ಎಕ್ಸ್‌ಪ್ರೆಸ್ ಹೈವೇಯಲ್ಲಿ ಚಂಗನೆ ಹಾರಿದ್ದನ್ನು ಮಾತ್ರ.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎಣ್ಣೆ ಮುಚ್ಚಳ ತೆಗೆದರೆ ಒಳಮೈಗೆ ಕೆನೆ! ಹಾಲಿನ ಕೆನೆಯೇ ಅನ್ನಿ, ಸ್ವಲ್ಪ ಹಳದಿ ಬಣ್ಣ, ಬೆರಳಲ್ಲಿ ತೆಗೆದರೆ ಬೆಣ್ಣೆಯ ಹಾಗೆ ಅಂಟುತ್ತದೆ. ಎದೆ ಧಸಕ್ಕೆಂದಿತು. ಎಣ್ಣೆಗೆ ನೀರು ಸೇರಿದರೆ ಹೀಗಾಗುತ್ತದೆ, ನೀರು ಸೇರಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಎಲ್ಲರೂ ಹೇಳುವ ಮಾತು. ಗ್ಯಾರೇಜಿನವನೂ ಅದನ್ನೇ ಹೇಳಿದ. ಗ್ಯಾಸ್ಕೆಟ್ ಬದಲಾಯಿತು. ಚಳಿಗಾಲಕ್ಕೆ ಕೆನೆ ಮಾಯ. ನಾವು ಗೆದ್ದೆವು ಅಂದುಕೊಂಡೆವು. ಮರುವರ್ಷ ಜೂನ್ ಬರುತ್ತಲೂ ಮತ್ತೆ ಕೆನೆ, ಮತ್ತೆ ಗ್ಯಾಸ್ಕೆಟ್. ಬ್ಯಾಂಕಿನಲ್ಲಿ ದಿನವಿಡೀ ಲೆಕ್ಕ ತಾಳೆ ನೋಡುವ ನನಗೆ ಈ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಹೊಳೆಯಲಿಲ್ಲ. ರೇಡಿಯೇಟರಿನ ನೀರು ಒಂದು ಲೋಟವೂ ಕಡಿಮೆಯಾಗಿರಲಿಲ್ಲ. ಅದರ ಮೇಲೆ ಎಣ್ಣೆಯ ಪಸೆ ಇರಲಿಲ್ಲ. ಡಿಪ್‌ಸ್ಟಿಕ್ಕಿನ ಎಣ್ಣೆ ಕಪ್ಪಗೆ ಸ್ವಚ್ಛವಾಗಿತ್ತು. ಕೆನೆ ಇದ್ದದ್ದು ಮುಚ್ಚಳದಲ್ಲಿ, ಪೈಪಿನ ಒಳಗೆ. ಅಂದರೆ ತಣ್ಣಗಿರುವ ಮೇಲ್ಭಾಗದಲ್ಲಿ ಮಾತ್ರ. ಗ್ಯಾಸ್ಕೆಟ್ ಹೋದ ಗಾಡಿಯ ಲಕ್ಷಣ ಇದಲ್ಲ. ಎರಡು ಸಲ ಸುಮ್ಮನೆ ದುಡ್ಡು ಕೊಟ್ಟೆ.

ನಡುವೆ ಇನ್ನೊಂದು ರಗಳೆ. ಇಳಿಬಿಟ್ಟ ಪೈಪಿನಿಂದ ಸಿಗ್ನಲ್ಲಿನಲ್ಲಿ ನಿಂತಾಗ ಹೊಗೆ ಏಳುತ್ತಿತ್ತು. ಸುಟ್ಟ ಎಣ್ಣೆ, ಅರೆಬೆಂದ ಪೆಟ್ರೋಲು ಸೇರಿದ ಕಮಟು ವಾಸನೆ. ಅದು ಪೆಡಲುಗಳ ಸಂದಿಯಿಂದ ಒಳಗೆ ನುಗ್ಗಿ ಕೂತವರ ತಲೆ ಹಿಡಿಯುತ್ತಿತ್ತು. ಮಗ ಎರಡು ಸಲ ವಾಂತಿ ಮಾಡಿಕೊಂಡ. ‘ನಿಮ್ಮಪ್ಪಯ್ಯನ ಕಾರು ಅಂತ ಸುಮ್ಮನಿದ್ದೇನೆ, ಇನ್ನು ನಾನಂತೂ ಹತ್ತುವುದಿಲ್ಲ’ ಅಂದಳು ನಮ್ಮನೆಯವಳು. ನಾನೊಂದು ಉಪಾಯ ಮಾಡಿದೆ. ಗ್ಯಾರೇಜಿನವನ ತಲೆಗೆ ಕಟ್ಟುವುದಿಲ್ಲ, ಇದು ನನ್ನದೇ ಕೈಕೆಲಸ. ಪೈಪಿನ ಬಾಯಿಗೆ ದಪ್ಪ ಬೋಲ್ಟ್ ತುರುಕಿ ಮೇಲಿಂದ ಕ್ಲಿಪ್ ಬಿಗಿದೆ. ಹೊಗೆ ನಿಂತಿತು. ವಾಸನೆ ನಿಂತಿತು. ಮನೆಯವಳು ಹತ್ತಿದಳು. ಭಾನುವಾರದ ಅರ್ಧ ಗಂಟೆಯಲ್ಲಿ, ಖರ್ಚಿಲ್ಲದೆ ಗಾಡಿ ರಿಪೇರಿ ಮಾಡಿದ ಗಂಡಸಿನ ಹೆಮ್ಮೆ ಹೇಗಿರುತ್ತದೆಂದು ಬಲ್ಲವರು ಬಲ್ಲರು.

ಅದಾಗಿ ಕೆಲವು ತಿಂಗಳಿಗೆ ಗಾಡಿ ನಿಂತಲ್ಲೆಲ್ಲ ಎಣ್ಣೆಯ ಚುಕ್ಕಿ ಇಡತೊಡಗಿತು. ಡಿಪ್‌ಸ್ಟಿಕ್ ತಾನಾಗಿ ಎರಡು ಅಂಗುಲ ಮೇಲೆದ್ದು ಕೂರುತ್ತಿತ್ತು. ನಾನು ಅದನ್ನು ಒತ್ತಿ ಕೂರಿಸುತ್ತಿದ್ದೆ. ಮರುದಿನ ಮತ್ತೆ ಎದ್ದಿರುತ್ತಿತ್ತು. ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ನಾನು ಕೇಳಿಸಿಕೊಳ್ಳಲಿಲ್ಲ.

2012ರ ತಿಥಿ ಜೂನ್ ಕೊನೆಗೆ ಬಿತ್ತು. ಪ್ರತಿವರ್ಷ ರೈಲಿಗೋ ಬಸ್ಸಿಗೋ ಹೋಗುತ್ತಿದ್ದವನು ಆ ವರ್ಷ ಅಪ್ಪಯ್ಯನ ಕಾರಿನಲ್ಲೇ ಹೋಗುವುದೆಂದು ಹಟ ಹಿಡಿದೆ. ಗಾಡಿಗೆ ಇಪ್ಪತ್ತೈದು ವರ್ಷ, ನೋಂದಣಿ ನವೀಕರಣದ ವರ್ಷವೂ ಹೌದು. ಪಾಸಾಗದಿದ್ದರೆ ಮುಂದಿನ ವರ್ಷ ಕಾರೇ ಇರಲಿಕ್ಕಿಲ್ಲ, ಆಯಿ ಒಮ್ಮೆ ನೋಡಲಿ ಅಂತ. ತ್ರೈಮಾಸಿಕ ಲೆಕ್ಕದ ಗಡಿಬಿಡಿ. ರಜೆ ಒಂದೇ ದಿನ ಸಿಕ್ಕಿತು. ಹಿಂದಿನ ಸಂಜೆ ಏಳಕ್ಕೆ ಹೊರಟರೆ ರಾತ್ರಿಯಿಡೀ ಓಡಿಸಿ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಳಿಗ್ಗೆ ಒಂಬತ್ತರೊಳಗೆ ಮನೆ. ಶ್ರಾದ್ಧ ಮಧ್ಯಾಹ್ನ. ಬೇಕಾದಷ್ಟು ಹೊತ್ತಿದೆ.

ಲೋಣಾವಳದ ಘಾಟಿ ಹತ್ತುವಾಗಲೇ ಸುಟ್ಟ ವಾಸನೆ ಇತ್ತು. ಮುಂದಿನ ಲಾರಿಯದಿರಬೇಕು ಅಂದುಕೊಂಡೆ. ಪುಣೆ ದಾಟಿ, ಶಿರವಳ ದಾಟಿ ಖಂಬಾಟಕಿ ಘಾಟಿ. ಸಾತಾರಾದಿಂದ ಪುಣೆಗೆ ಬರುವವರಿಗೆ ಅಲ್ಲಿ ಸುರಂಗವುಂಟು. ನಮ್ಮ ಕಡೆ ಹೋಗುವವರು ಆಗ ಗುಡ್ಡ ಹತ್ತಿಯೇ ಇಳಿಯಬೇಕಿತ್ತು. ರಾತ್ರಿ ಹನ್ನೆರಡೂವರೆ, ಹಿಡಿದ ಮಳೆ. ಎರಡನೇ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮೇಲೇರುವುದಿಲ್ಲ. ಕ್ಲಚ್ ಜಾರುತ್ತಿದೆ. ಒಂದನೇ ಗೇರಿಗೆ ತಂದೆ, ಒಂದಿಷ್ಟು ದೂರ ತೆವಳಿತು, ಆಮೇಲೆ ಅದೂ ಇಲ್ಲ. ಬದಿಗೆ ತಂದು ಚಕ್ರಕ್ಕೆ ಕಲ್ಲು ಕೊಟ್ಟು ಟಾರ್ಚ್ ಬಿಟ್ಟು ನೋಡಿದರೆ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ಎಣ್ಣೆ ಧಾರೆ.

ಏನಾಗಿತ್ತೆಂದು ಈಗ ಹೇಳಬಲ್ಲೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲವೆಲ್ಲ ಸೈಲೆನ್ಸರಿನಿಂದ ಹೊರಗೆ ಹೋಗುವುದಿಲ್ಲ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಕ್ರ್ಯಾಂಕ್ ತಿರುಗುವ ಎಣ್ಣೆಯ ಕೋಣೆಗೆ ನುಸುಳುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ಉಂಟು; ಹಳತರಲ್ಲಿ, ಅದರಲ್ಲೂ ಕೊರೆಸಿ ಜೋರು ಮಾಡಿದ್ದರಲ್ಲಿ ಹೆಚ್ಚು. ಮೆಕ್ಯಾನಿಕ್ಕುಗಳು ಇದಕ್ಕೆ ‘ಬ್ಯಾಕ್ ಕಂಪ್ರೆಶನ್’ ಅನ್ನುತ್ತಾರೆ. ಆ ಅನಿಲ ಹೊರಹೋಗಲು ಇದ್ದ ಒಂದೇ ದಾರಿಗೆ ನಾನು ಬೋಲ್ಟ್ ಹೊಡೆದಿದ್ದೆ. ಒಳಗೆ ಒತ್ತಡ ಏರಿತು. ಮೊದಲು ಡಿಪ್‌ಸ್ಟಿಕ್ಕನ್ನು ಎತ್ತಿತು, ಆಮೇಲೆ ಟ್ಯಾಪೆಟ್ ಕವರಿನ ಅಂಚಿನಿಂದ ಎಣ್ಣೆ ಒಸರಿಸಿತು, ಕೊನೆಗೆ ಗಂಟೆಗಟ್ಟಲೆ ಓಟದಲ್ಲಿ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೇ ಹೊರಕ್ಕೆ ದೂಡಿತು. ಎಣ್ಣೆ ಕ್ಲಚ್ ಪ್ಲೇಟಿಗೆ ಬಿತ್ತು. ಎಣ್ಣೆ ಕುಡಿದ ಕ್ಲಚ್ ಪ್ಲೇಟು ಯಾವ ಘಾಟಿಯನ್ನೂ ಹತ್ತಿಸುವುದಿಲ್ಲ.

ಮನೆಗೆ ಫೋನ್ ಹಚ್ಚಿದೆ. ಮಳೆಗೆ ಊರಿನ ಲ್ಯಾಂಡ್‌ಲೈನ್ ಸತ್ತಿತ್ತು, ಮೊಬೈಲ್ ನಮ್ಮ ಹಳ್ಳಿಗೆ ಇನ್ನೂ ತಲುಪಿರಲಿಲ್ಲ. ಬೆಳಗಿನ ತನಕ ಅಪ್ಪಯ್ಯನ ಕಾರಿನ ಉದ್ದ ಸೀಟಿನ ಮೇಲೆ ಮುದುಡಿಕೊಂಡು, ಲಾರಿಗಳು ಪಕ್ಕದಿಂದ ಏರುವ ಸದ್ದು ಕೇಳುತ್ತ ಮಲಗಿದ್ದೆ. ಏಳು ಗಂಟೆಗೆ ಒಬ್ಬ ಟೆಂಪೋದವನು ಹಗ್ಗ ಕಟ್ಟಿ ಘಾಟಿಯ ಬುಡದ ಗ್ಯಾರೇಜಿಗೆ ಇಳಿಸಿಕೊಟ್ಟ. ಅಲ್ಲಿಂದ ಸಾತಾರಾ, ಸಾತಾರಾದಿಂದ ಬೆಳಗಾವಿ ಬಸ್ಸು, ಹುಬ್ಬಳ್ಳಿ, ಸಿರಸಿ. ಮನೆಯ ಅಂಗಳ ಮೆಟ್ಟಿದಾಗ ರಾತ್ರಿ ಒಂಬತ್ತೂವರೆ.

ಭಟ್ಟರು ಒಂದೂವರೆಯ ತನಕ ಕಾದರಂತೆ. ಇನ್ನು ಕಾಲ ಮೀರುತ್ತದೆಂದು ತಮ್ಮನೇ ಕೂತು ಮಾಡಿ ಮುಗಿಸಿದ್ದ. ಅವನು ಏನೂ ಅನ್ನಲಿಲ್ಲ; ಅಂದಿದ್ದರೆ ಹಗುರವಾಗುತ್ತಿತ್ತು. ‘ಗಾಡಿ ಕೈ ಕೊಟ್ಟಿತು’ ಅಂದೆ. ‘ಹೌದಾ’ ಅಂದ. ಆಯಿ ಬಚ್ಚಲಿನ ಕಡೆ ಕೈ ತೋರಿಸಿ, ‘ತಮಾ, ಕೈಕಾಲು ತೊಳ್ಕಂಡು ಬಾ. ನಿಂಗೆ ತೆಗೆದಿಟ್ಟಿದ್ದಿ’ ಅಂದರು. ತಣ್ಣಗಾದ ವಡೆ, ಪಾಯಸ. ಒಬ್ಬನೇ ಕೂತು ಉಂಡೆ.

ಘಾಟಿಯ ಬುಡದಲ್ಲಿ ಸೀಲೂ ಕ್ಲಚ್ ಪ್ಲೇಟೂ ಹಾಕಿಸಿ ಗಾಡಿಯನ್ನು ಮುಂಬಯಿಗೆ ತಂದ ಮೇಲೆ ಯಾರೋ ಕುರ್ಲಾದ ಸಿಎಸ್‌ಟಿ ರಸ್ತೆಯ ಒಬ್ಬ ಚಾಚಾನ ಹೆಸರು ಹೇಳಿದರು. ಸ್ಪೇರ್ ಪಾರ್ಟಿನ ಅಂಗಡಿಗಳ ನಡುವೆ ಒಂದು ಸಂದಿ, ಅಲ್ಲಿ ಟ್ಯಾಕ್ಸಿಗಳ ಸಾಲು. ಜೀವಮಾನವಿಡೀ ಪದ್ಮಿನಿ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ನಾನು ಗ್ಯಾಸ್ಕೆಟ್ಟಿನ ಪುರಾಣ ಶುರು ಮಾಡಿದೆ. ಅವರು ಕೇಳಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಎಣ್ಣೆ ಮುಚ್ಚಳ ತೆಗೆದು ಬಾಯಿಯ ಮೇಲೆ ಅಂಗೈ ಹಿಡಿದು ಎರಡು ಗಳಿಗೆ ನಿಂತರು, ನಾಡಿ ನೋಡುವ ಪಂಡಿತರ ಹಾಗೆ. ಆಮೇಲೆ ಬೋಲ್ಟ್ ತುರುಕಿದ ಪೈಪನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ‘ಯೆ ಕಿಸ್ ಡಾಕ್ಟರ್ ನೇ ಕಿಯಾ?’ ಅಂತ ಕೇಳಿದರು. ನಾನೇ ಅಂದೆ. ಪಕ್ಕದ ಹುಡುಗರು ನಕ್ಕರು, ಚಾಚಾ ನಗಲಿಲ್ಲ.

ಅವರು ಹೇಳಿದ್ದರಲ್ಲಿ ನನಗೆ ಹೊಸದಾಗಿದ್ದದ್ದು ನೀರಿನ ವಿಚಾರ. ಹೊಗೆಯ ಜೊತೆ ನೀರೂ ಇರುತ್ತದೆ. ಶಾಲೆಯಲ್ಲಿ ಓದಿದ ರಸಾಯನಶಾಸ್ತ್ರ ನೆನಪು ಮಾಡಿಕೊಂಡು ಲೆಕ್ಕ ಹಾಕಿದರೆ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಆವಿಯಾಗಿ, ಬಹುಪಾಲು ಸೈಲೆನ್ಸರಿನಿಂದ ಹೋಗಿಬಿಡುತ್ತದೆ. ರಿಂಗ್ ದಾಟಿ ಒಳಗೆ ಬಂದ ಪಾಲು ಎಂಜಿನ್ ಬಿಸಿಯಿದ್ದರೆ ಆವಿಯಾಗಿಯೇ ಉಳಿದು ಬ್ರೀದರ್ ಪೈಪಿನಿಂದ ಹೊರಬೀಳುತ್ತದೆ. ತಣ್ಣಗಿದ್ದರೆ ಹನಿಗಟ್ಟಿ, ಎಣ್ಣೆಯ ಜೊತೆ ಕಡೆದು ಕೆನೆಯಾಗುತ್ತದೆ. ನನ್ನ ಮನೆಯಿಂದ ಘಾಟ್‌ಕೋಪರಿನ ಬ್ಯಾಂಕಿಗೆ ಐದು ಕಿಲೋಮೀಟರು. ಎಣ್ಣೆ ಕಾಯುವುದರೊಳಗೆ ಗಾಡಿ ನಿಲ್ಲಿಸಿಯಾಗಿರುತ್ತದೆ. ಮೇಲಿಂದ ಥರ್ಮೋಸ್ಟಾಟ್ ಬೇರೆ ಇಲ್ಲ. ರೇಡಿಯೇಟರಿನ ತಣ್ಣೀರು ಮೊದಲ ನಿಮಿಷದಿಂದಲೇ ಎಂಜಿನ್ನನ್ನು ಸುತ್ತುತ್ತಿರುತ್ತದೆ. ಹೊರಗೆ ಮುಂಬಯಿಯ ಮಳೆಗಾಲದ ಗಾಳಿ. ಕೆನೆ ಕಟ್ಟದೆ ಇನ್ನೇನಾಗುತ್ತದೆ?

ಅಪ್ಪಯ್ಯನ ಪಂಚೆ ಚೂರು ಕಣ್ಣಮುಂದೆ ಬಂತು. ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಕಾರು ತೆಗೆಯದಿದ್ದದ್ದು, ವಾರಕ್ಕೊಮ್ಮೆ ಸುಮ್ಮನೆ ನಲವತ್ತು ಕಿಲೋಮೀಟರ್ ಓಡಿಸುತ್ತಿದ್ದದ್ದು. ಅಡಿಕೆ ಒಣಗಿಸುವವರಿಗೆ ಇದು ಗೊತ್ತಿರುತ್ತದೆ, ಬಿಸಿ ಒಂದೇ ಸಾಲದು, ತೇವ ಹೊರಗೆ ಹೋಗಲು ದಾರಿ ಬೇಕು. ಮಾಡಿಗೆ ಕಿಂಡಿ ಬಿಡದೆ ಬೆಂಕಿ ಹಾಕಿದರೆ ಅಡಿಕೆಗೆ ಬೂಷ್ಟು ಬರುತ್ತದೆ.

ಮೊದಲು ಥರ್ಮೋಸ್ಟಾಟ್ ವಾಪಸ್ಸು ಬಂತು. ಎಂಬತ್ತು ಡಿಗ್ರಿಯ ಆಸುಪಾಸು ತಲುಪುವ ತನಕ ಅದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಹೊಗೆಯದು ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಹಳೇ ಕಾಲದ ಗಾಡಿಗಳಲ್ಲಿ ಬ್ರೀದರ್ ಪೈಪು ನೇರ ರಸ್ತೆಯ ಕಡೆ ಇಳಿದಿರುತ್ತಿತ್ತು, ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಿದ್ದರು. ಗಾಡಿ ಓಡುವಾಗ ಕೆಳಗೆ ಸರಿಯುವ ಗಾಳಿಯೇ ಹೊಗೆಯನ್ನು ಎಳೆದುಕೊಳ್ಳುತ್ತಿತ್ತು. ಹೈವೇಗೆ ಅದು ಸರಿ. ಸಾಯನ್ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತ ಗಾಡಿಗೆ ಯಾವ ಗಾಳಿ? ಅಲ್ಲದೆ ಅದು ನಮ್ಮ ಮೂಗಿನಿಂದ ತಪ್ಪಿಸಿ ಪಕ್ಕದ ರಿಕ್ಷಾದವನ ಮೂಗಿಗೆ ಹಿಡಿದ ಹಾಗೆ. ಲಾಸ್ ಏಂಜಲೀಸಿನ ಹೊಗೆಮಂಜಿಗೆ ಕಾರುಗಳ ಅರೆಬೆಂದ ಪೆಟ್ರೋಲೂ ಕಾರಣವೆಂದು ಹಾಗನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿದ ಮೇಲೆ, ಅರವತ್ತರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟಿಹಾಕಿದ್ದು ಈ ಪೈಪನ್ನೇ. ಹೊಗೆಯನ್ನು ಹೊರಗೆ ಬಿಡದೆ ಎಂಜಿನ್ನಿಗೇ ಮತ್ತೆ ಕುಡಿಸಿ ಸುಡುವುದು. ಅದಕ್ಕೊಂದು ಬೆರಳಿನಷ್ಟು ದೊಡ್ಡ ವಾಲ್ವು, ಪಿಸಿವಿ ಎಂದು ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲೇ, ನೀರಿಗಿಳಿಯಬೇಕಾದ ಮಿಲಿಟರಿ ವಾಹನಗಳಿಗೆ ಇಂಥದ್ದನ್ನು ಹಾಕಿದ್ದರು.

ನಾನು ಇದನ್ನು ಓದಿಕೊಂಡು ಬಂದು ಚಾಚಾನ ಮುಂದೆ ಪಾಂಡಿತ್ಯ ತೋರಿಸಿದೆ. ‘ಹಾಗಾದರೆ ಪೈಪನ್ನು ನೇರ ಕಾರ್ಬ್ಯುರೇಟರಿನ ಕೆಳಗೆ ಜೋಡಿಸಿಬಿಡಿ, ಅಲ್ಲಿ ಎಳೆತ ಜೋರಿರುತ್ತದೆ.’ ಅವರು ಬೇಡ ಅಂದರು, ನಾನು ಕೇಳಲಿಲ್ಲ, ಕಲಿಯಲಿ ಅಂತ ಮಾಡಿಕೊಟ್ಟರು. ನಿಂತಲ್ಲೇ ಎಂಜಿನ್ ನಡುಗತೊಡಗಿತು, ಎಣ್ಣೆಯನ್ನೂ ಹೀರಿಕೊಂಡು ಹಿಂದಿನಿಂದ ನೀಲಿ ಹೊಗೆ ಬಿಟ್ಟಿತು. ವಾಲ್ವ್ ಇಲ್ಲದೆ ಹೀಗೆ ಜೋಡಿಸಿದರೆ ಗಾಳಿ ಅಳತೆ ಮೀರಿ ಒಳಬಂದು ಪೆಟ್ರೋಲು ತೆಳ್ಳಗಾಗುತ್ತದೆ. ಅಷ್ಟೇ ಅಲ್ಲ, ಕಾರ್ಬ್ಯುರೇಟರಿನಲ್ಲಿ ಒಂದು ಬ್ಯಾಕ್‌ಫೈರ್ ಆದರೆ ಕಿಡಿ ಆ ಪೈಪಿನ ಮೂಲಕ ಎಣ್ಣೆಯ ಹೊಗೆ ತುಂಬಿದ ಕೋಣೆಗೇ ಹೋಗಬಹುದು. ವಾಲ್ವ್ ಅದನ್ನು ತಡೆಯುತ್ತದೆ. ಕಡೆಗೆ ಗುಜರಿಯಲ್ಲಿ ಬೇರೊಂದು ಸಣ್ಣ ಕಾರಿನ ವಾಲ್ವ್ ಸಿಕ್ಕಿತು, ಹಾಕಿ, ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ತಾಳಮೇಳ ಕೂಡಿಸಿದರು.

ಹೊರಗೆ ಎಳೆಯುವ ದಾರಿ ಒಂದಿದ್ದರೆ ಸಾಲದು, ಒಳಗೆ ಹೊಸ ಗಾಳಿ ಬರುವ ದಾರಿಯೂ ಬೇಕಂತೆ. ಎಂಜಿನ್ನಿನ ಬದಿಯಿಂದ ಹೊಗೆ ಹೊರಗೆ. ಮೇಲಿನ ಟ್ಯಾಪೆಟ್ ಕವರಿಗೆ ಏರ್ ಫಿಲ್ಟರಿನಿಂದ ಸೋಸಿದ ಗಾಳಿ ಒಳಗೆ. ನನ್ನ ಐಸ್‌ಕ್ರೀಮ್ ಕೋನು ಹೋಗಿ ಮತ್ತೆ ತಗಡಿನ ಡಬ್ಬ ಬಂತು. ಜೋರಾಗಿ ಓಡಿಸುವಾಗ ವಾಲ್ವಿಗೆ ಎಳೆಯಲಾಗದಷ್ಟು ಹೊಗೆ ಎದ್ದರೆ ಅದು ಇದೇ ದಾರಿಯಲ್ಲಿ ಹಿಂದಕ್ಕೆ ಬಂದು ಡಬ್ಬ ಸೇರುತ್ತದೆ, ಅಲ್ಲಿಂದ ಎಂಜಿನ್ನಿಗೆ. ಬೋರ್ ಮಾಡಿಸಿದ ಎಂಜಿನ್ನಿಗೆ ಇದಿಲ್ಲದೆ ಆಗುವುದಿಲ್ಲ.

ಇನ್ನು ಉಳಿದದ್ದು ನೀರು ಮತ್ತು ಎಣ್ಣೆಯ ಹನಿ. ಅವು ಕಾರ್ಬ್ಯುರೇಟರಿಗೆ ಹೋಗಬಾರದು, ನಡುವೆ ಹಿಡಿಯಲು ಒಂದು ಡಬ್ಬಿ ಬೇಕು. ‘ಮನೆಯಲ್ಲಿ ಗಟ್ಟಿ ಸ್ಟೀಲಿನದು ಏನಾದರೂ ಇದ್ದರೆ ತನ್ನಿ’ ಅಂದರು ಚಾಚಾ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಆಯಿ ವರ್ಷಕ್ಕೊಮ್ಮೆ ತುಪ್ಪ ತುಂಬಿ ಕಳಿಸುತ್ತಿದ್ದ ಡಬ್ಬಿ ಇತ್ತು. ಒಂದೂವರೆ ಲೀಟರಿನದು, ತಿರುಗಿಸುವ ಮುಚ್ಚಳ. ಮನೆಯವಳು ಬೀದಿಯ ಅಂಗಡಿಗೆ ಹೋದಾಗ ತೆಗೆದುಕೊಂಡು ಹೋದೆ. ಬದಿಗೆ ಒಂದು ನಳಿಗೆ ಬೆಸುಗೆ ಹಾಕಿ ಹೊಗೆ ಒಳಬರುವ ಹಾಗೆ, ಮೇಲಿನ ನಳಿಗೆಯಿಂದ ಹೊರಹೋಗುವ ಹಾಗೆ, ಬುಡದಲ್ಲಿ ಕಸ ಇಳಿಸಲು ತಿರುಪು. ನಡುವೆ ಪಾತ್ರೆ ತಿಕ್ಕುವ ದಪ್ಪ ಸ್ಟೀಲ್ ಎಳೆಯ ಉಂಡೆ. ಹೊಗೆ ಅದರ ಎಳೆಗಳಿಗೆ ಬಡಿದು ತಣಿದು ಹನಿ ಕಳಚಿಕೊಳ್ಳುತ್ತದೆ. ಸಣ್ಣ ಎಳೆಯ ಉಕ್ಕಿನ ನಾರು ಹಾಕಬಾರದು, ಅದು ಉದುರಿ ಎಂಜಿನ್ನಿಗೆ ಹೋಗುತ್ತದೆ. ಪೈಪೂ ಅಷ್ಟೇ, ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ಕಿನದು ಬಿಸಿಗೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಎಣ್ಣೆ ತಡೆಯುವ ರಬ್ಬರಿನದೇ ಬೇಕು, ನಡುವೆ ಎಲ್ಲೂ ಜೋಲಬಾರದು, ಜೋತಲ್ಲಿ ನೀರು ನಿಲ್ಲುತ್ತದೆ. ಡಬ್ಬಿಯನ್ನು ಸೈಲೆನ್ಸರಿನಿಂದ ದೂರ, ಬ್ಯಾಟರಿಯ ಪಕ್ಕ ಕೂರಿಸಿದರು. ಬಿಸಿಯಲ್ಲಿಟ್ಟರೆ ಹನಿ ಕಟ್ಟುವುದೇ ಇಲ್ಲವಲ್ಲ.

ಮೊದಲ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ತಿರುಪು ಬಿಚ್ಚಿದರೆ ಅರ್ಧ ಲೋಟ ಬೀಳುತ್ತಿತ್ತು. ಮಜ್ಜಿಗೆಯ ಬಣ್ಣ, ಮೂಗಿಗೆ ಹಿಡಿದರೆ ಪೆಟ್ರೋಲು. ಇಷ್ಟು ವರ್ಷ ಇದೆಲ್ಲ ಎಂಜಿನ್ನಿನ ಹೊಟ್ಟೆಯಲ್ಲೇ ಇತ್ತಲ್ಲ ಅಂತ ಮೈ ಜುಮ್ಮೆಂದಿತು. ಬೇಸಿಗೆಯಲ್ಲಿ ಎರಡು ಚಮಚವೂ ಇಲ್ಲ. ಮುಚ್ಚಳದ ಕೆನೆ ಪೂರ್ತಿ ಹೋಗಲಿಲ್ಲ, ಜುಲೈನಲ್ಲಿ ತೆಳ್ಳಗೆ ಒಂದು ಪದರ ಈಗಲೂ ಬರುತ್ತದೆ. ಭಾನುವಾರ ಪನ್ವೇಲಿನ ತನಕ ಹೋಗಿ ಬಂದು ಒರೆಸುತ್ತೇನೆ. ಆ ವರ್ಷ ನೋಂದಣಿ ಪಾಸಾಯಿತು. ಆಮೇಲೆ 2017ರಲ್ಲಿ, 2022ರಲ್ಲಿಯೂ.

ಚಾಚಾನ ಸಂದಿಯಲ್ಲಿ ಟ್ಯಾಕ್ಸಿಗಳ ಸಾಲು ವರ್ಷದಿಂದ ವರ್ಷಕ್ಕೆ ಗಿಡ್ಡವಾಯಿತು. ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು. ಆ ವಾರ ಹೋದಾಗ ಚಾಚಾ ಪೇಪರ್ ಹಾಸಿಕೊಂಡು ಕೂತು, ಯಾವುದೋ ರಿಕ್ಷಾದ ಕಾರ್ಬ್ಯುರೇಟರ್ ತೊಳೆಯುತ್ತಿದ್ದರು. ಹಾಸಿದ್ದ ಪೇಪರಿನಲ್ಲಿ ಅದೇ ಫೋಟೋ ಇತ್ತು. ನಾನು ನೋಡಿದೆ, ಅವರೂ ನೋಡಿದ್ದರು. ‘ಡಬ್ಬಾ ಖಾಲಿ ಕಿಯಾ ಕ್ಯಾ?’ ಅಂತ ಮಾತ್ರ ಕೇಳಿದರು.

ಊರಿನ ಮಾತೊಂದು ಉಳಿಯಿತು. 2012ರಲ್ಲಿ ಅಧಿಕಮಾಸ ಬಂದದ್ದರಿಂದ ಮರುವರ್ಷದ ತಿಥಿ ಜುಲೈಗೆ ಹೋಯಿತು. ನಾನು ಎರ‍ಡು ದಿನ ಮೊದಲೇ ಹೊರಟೆ. ಖಂಬಾಟಕಿಯ ಎರಡನೇ ತಿರುವಿನಲ್ಲಿ ಕೈ ಬೆವರಿತು. ಗಾಡಿ ಎರಡನೇ ಗೇರಿನಲ್ಲಿ ಗೊಣಗಿಕೊಂಡು ಹತ್ತಿತು. ಮನೆ ತಲುಪಿದ ಸಂಜೆ ಬಾನೆಟ್ ಎತ್ತಿದ್ದನ್ನು ಕಂಡು ಆಯಿ ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕೇ ಬಂದರು. ಅಪ್ಪಯ್ಯ ಹೋದ ಮೇಲೆ ಅವರು ಕಾರಿನ ಹತ್ತಿರ ಬಂದದ್ದು ನಾನು ನೋಡಿದ್ದು ಅದೇ ಮೊದಲು. ಬ್ಯಾಟರಿಯ ಪಕ್ಕದಲ್ಲಿ ಕಣ್ಣು ನಿಂತಿತು.

‘ಇದು ನನ್ನ ತುಪ್ಪದ ಡಬ್ಬಿ ಅಲ್ದಾ?’

ಹೌದೆನ್ನದೆ ವಿಧಿಯಿರಲಿಲ್ಲ. ತಿರುಪು ಬಿಚ್ಚಿ, ಆರುನೂರೈವತ್ತು ಕಿಲೋಮೀಟರಿನ ಮಜ್ಜಿಗೆಯನ್ನು ಹಳೇ ಚೊಂಬಿಗೆ ಇಳಿಸಿದೆ. ಹೆಚ್ಚೇನಿಲ್ಲ, ಬಳಬಳ ಬಿಸಿಯಾದ ಗಾಡಿಯಲ್ಲವೇ, ನಾಲ್ಕು ಚಮಚ. ಆಯಿ ಬಗ್ಗಿ ಮೂಸಿದರು, ಮುಖ ಹಿಂಡಿದರು. ‘ನಿನ್ನಪ್ಪಯ್ಯನ ಪಂಚೆ ಇದೇ ವಾಸನೆ ಹೊಡೀತಿತ್ತು. ಎಷ್ಟು ಒಗೆದ್ರೂ ಹೋಗ್ತಿರ್ಲೆ’ ಅಂದರು. ಆಮೇಲೆ, ‘ಅದನ್ನ ತೋಟದ ಬುಡಕ್ಕೆ ಚೆಲ್ಲಡ ಮತ್ತೆ’ ಅನ್ನುತ್ತ, ಒರೆಸಲು ಚೂರು ಬಟ್ಟೆ ಹುಡುಕಲಿಕ್ಕೆ ಒಳಗೆ ಹೋದರು.